ಯುದ್ಧಕಾಲದಲ್ಲಿ ವಿದೇಶಿ ಸುದ್ದಿಯ ಕಾವಲು: ಚಿಕ್ಕಮಗಳೂರಿನಿಂದ ನನ್ನ ಅನುಭವ

ಚಿಕ್ಕಮಗಳೂರಿನ ಬಸವನಹಳ್ಳಿ ಮುಖ್ಯರಸ್ತೆಯಲ್ಲಿ, ರಸಗೊಬ್ಬರದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ ಇದೆ. ಟೆಹರಾನ್, ಸನಾ, ಬೈರೂತ್, ದೋಹಾ, ಜೆರುಸಲೇಮಿನ ಮಾಧ್ಯಮಗಳು ಏನು ಹೇಳುತ್ತಿವೆ ಎಂಬುದನ್ನು ಓದಿ, ಕೇಳಿ, ಕನ್ನಡದಲ್ಲಿ ಟಿಪ್ಪಣಿ ಮಾಡಿ ಕಳಿಸುವುದು ನಮ್ಮ ಕೆಲಸ. ಕಾಫಿ ರಫ್ತುದಾರರು, ಕಾಫಿ ಬೀಜ ಹದಗೊಳಿಸುವ ಕ್ಯೂರಿಂಗ್ ವರ್ಕ್ಸ್‌ನವರು, ಕೆಲವು ಬೆಳೆಗಾರರು ಇದಕ್ಕೆ ತಿಂಗಳಿಗಿಷ್ಟು ಎಂದು ಹಣ ಕೊಡುತ್ತಾರೆ. ಕೊಲ್ಲಿ ದೇಶಗಳಲ್ಲಿ ಮಕ್ಕಳಿರುವ ಮನೆಯವರು ಕೇಳಿದರೆ ಅವರಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ.

ಮಲೆನಾಡಿನ ಊರಿಗೆ ಇದೆಲ್ಲ ಏಕೆ ಎಂದು ಕೇಳುವವರು ಈಗ ಕಡಿಮೆಯಾಗಿದ್ದಾರೆ. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದ್ದು. ಅದರಲ್ಲಿ ಹೆಚ್ಚಿನದು ಹೊರದೇಶಕ್ಕೆ ಹೋಗುತ್ತದೆ, ಇಟಲಿಯೇ ಅತಿ ದೊಡ್ಡ ಗಿರಾಕಿ. ಮಂಗಳೂರಿನಿಂದ ಹೊರಟ ಮಾಲು ಕೆಂಪು ಸಮುದ್ರ ಹೊಕ್ಕು ಸೂಯೆಜ್ ಕಾಲುವೆ ದಾಟಿದರೆ ಯುರೋಪು. ಯೆಮೆನ್‌ನ ಹೂತಿಗಳು, ಅಂದರೆ ಇರಾನ್ ಬೆಂಬಲದ ಸಶಸ್ತ್ರ ಗುಂಪಿನವರು, ಗಾಜಾ ಯುದ್ಧದ ಹಿನ್ನೆಲೆಯಲ್ಲಿ 2023ರ ನವೆಂಬರ್ 19ರಂದು ಗ್ಯಾಲಕ್ಸಿ ಲೀಡರ್ ಹಡಗನ್ನು ವಶಪಡಿಸಿಕೊಂಡಾಗ ನಮ್ಮಲ್ಲಿ ಅರೇಬಿಕಾ ಕೊಯ್ಲು ಶುರುವಾಗಿತ್ತು. ಡಿಸೆಂಬರ್ ಮಧ್ಯದ ಹೊತ್ತಿಗೆ ಮಾರ್ಸ್ಕ್, ಹಪಾಗ್ ಲಾಯ್ಡ್, ಎಂಎಸ್‌ಸಿಯಂಥ ದೊಡ್ಡ ಕಂಪನಿಗಳು ಆ ದಾರಿ ಬಿಟ್ಟು ಆಫ್ರಿಕಾದ ತುದಿಯ ಗುಡ್‌ಹೋಪ್ ಭೂಶಿರವನ್ನು ಸುತ್ತಿ ಹೋಗತೊಡಗಿದವು. ಪ್ರಯಾಣ ಹತ್ತರಿಂದ ಹದಿನಾಲ್ಕು ದಿನ ಉದ್ದವಾಯಿತು, ಬಾಡಿಗೆ ಏರಿತು, ಕಂಟೇನರ್ ಸಿಗುವುದು ಕಷ್ಟವಾಯಿತು. ಅದುವರೆಗೆ ನನ್ನ ಟಿಪ್ಪಣಿಯನ್ನು ಕುತೂಹಲಕ್ಕೆ ಓದುತ್ತಿದ್ದವರು ಬೆಳಗಾಗುವ ಮುನ್ನವೇ ಫೋನ್ ಮಾಡತೊಡಗಿದರು.

ನಾನು ದೆಹಲಿಯಲ್ಲಿ ಪರ್ಷಿಯನ್ ಕಲಿತು, ವಿದೇಶಿ ಪ್ರಸಾರ ಆಲಿಸಿ ವರದಿ ಬರೆಯುವ ಕೆಲಸದಲ್ಲಿ ಬಹುಕಾಲ ಇದ್ದವನು. ಈ ಕಸುಬು ಹುಟ್ಟಿದ್ದೇ ಯುದ್ಧದಲ್ಲಿ. ಬಿಬಿಸಿ 1939ರಲ್ಲಿ ಇದಕ್ಕಾಗಿ ಪ್ರತ್ಯೇಕ ವಿಭಾಗ ತೆರೆಯಿತು, ಅಮೆರಿಕ 1941ರಲ್ಲಿ. ಆಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಿರುತರಂಗದ ಗೊರಗೊರ ಸದ್ದಿನ ನಡುವೆ ಮಾತು ಹೆಕ್ಕುತ್ತಿದ್ದರು. ಇಂದು ಸದ್ದಿಗೂ ಕೊರತೆಯಿಲ್ಲ, ಮಾತಿಗೂ ಕೊರತೆಯಿಲ್ಲ. ಆದರೆ ಒಬ್ಬ ಹಿರಿಯರು ನನಗೆ ಕಲಿಸಿದ ನಿಯಮ ಹಾಗೆಯೇ ನಿಂತಿದೆ: ಏನಾಯಿತು ಎಂದು ಬರೆಯಬೇಡ, ಯಾರು, ಯಾವಾಗ, ಏನು ಹೇಳಿದರು ಎಂದು ಬರೆ. ಏನಾಯಿತು ಎಂಬುದು ಆ ಟಿಪ್ಪಣಿಗಳ ರಾಶಿಯಿಂದ ತಾನಾಗಿ ಮೇಲೆ ಬರುತ್ತದೆ, ಇಲ್ಲವೇ ಇನ್ನೂ ಗೊತ್ತಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಅದು ಹೇಗೆ ಎಂಬುದಕ್ಕೆ 2023ರ ಡಿಸೆಂಬರ್ 23ರ ಶನಿವಾರವನ್ನು ನೋಡಬಹುದು. ಗುಜರಾತಿನ ವೇರಾವಲ್ ತೀರದಿಂದಾಚೆ, ಅರಬ್ಬಿ ಸಮುದ್ರದಲ್ಲಿ ಕೆಮ್ ಪ್ಲೂಟೊ ಎಂಬ ತೈಲ ಹಡಗಿಗೆ ಡ್ರೋನ್ ಬಡಿಯಿತು. ಸೌದಿ ಅರೇಬಿಯಾದ ಕಚ್ಚಾ ತೈಲ ಹೊತ್ತು ಅದು ಬರುತ್ತಿದ್ದದ್ದು ನಮ್ಮ ಮಂಗಳೂರಿಗೇ. ಮೊದಲ ಸೂಚನೆ ಬಂದದ್ದು ಬ್ರಿಟನ್ನಿನ ಸಾಗರ ವಾಣಿಜ್ಯ ಎಚ್ಚರಿಕೆ ಕೇಂದ್ರದಿಂದ ಮತ್ತು ಆಂಬ್ರೆ ಎಂಬ ಖಾಸಗಿ ಭದ್ರತಾ ಸಂಸ್ಥೆಯಿಂದ. ಆಂಬ್ರೆ ಅದನ್ನು ಇಸ್ರೇಲ್ ನಂಟಿನ ಹಡಗು ಎಂದಿತು. ಅಮೆರಿಕದ ರಕ್ಷಣಾ ಇಲಾಖೆ ಬೇರೆ ರೀತಿಯಲ್ಲಿ ಬಣ್ಣಿಸಿತು: ಲೈಬೀರಿಯಾದ ಧ್ವಜ, ಜಪಾನಿನ ಒಡೆತನ, ನೆದರ್ಲೆಂಡ್ಸ್‌ನ ನಿರ್ವಹಣೆ; ಡ್ರೋನ್ ಬಂದದ್ದು ಇರಾನಿನಿಂದ. ಇರಾನಿನ ವಿದೇಶಾಂಗ ಸಚಿವಾಲಯ ಅದನ್ನು ಅಲ್ಲಗಳೆಯಿತು. ಅದೇ ದಿನ ಕೆಂಪು ಸಮುದ್ರದಲ್ಲಿ ಸಾಯಿಬಾಬಾ ಎಂಬ ಇನ್ನೊಂದು ತೈಲ ಹಡಗಿಗೂ ಪೆಟ್ಟು ಬಿತ್ತು. ಅಮೆರಿಕದ ಸೇನೆ ಅದನ್ನು ಭಾರತದ ಧ್ವಜದ ಹಡಗು ಎಂದು ಪ್ರಕಟಿಸಿತು. ಸ್ವಲ್ಪ ಹೊತ್ತಿಗೆ ನಮ್ಮ ನೌಕಾಪಡೆ, ಅದು ಗಬಾನ್ ಧ್ವಜದ ಹಡಗು, ಅದರಲ್ಲಿರುವ 25 ಭಾರತೀಯರೂ ಕ್ಷೇಮ ಎಂದು ಸ್ಪಷ್ಟಪಡಿಸಿತು.

ಆ ಸಂಜೆಯ ನಮ್ಮ ಟಿಪ್ಪಣಿಯಲ್ಲಿ ಪ್ರತಿ ಸಾಲಿಗೂ ಹೇಳಿದವರ ಹೆಸರಿತ್ತು, ಪ್ರತಿ ಹೆಸರಿಗೂ ಸಮಯವಿತ್ತು. ‘ಭಾರತದ ಧ್ವಜ’ ಎಂಬುದು ಅಮೆರಿಕ ಸೇನೆಯ ಮಾತಾಗಿಯೇ ಉಳಿದಿತ್ತು, ನೌಕಾಪಡೆಯ ತಿದ್ದುಪಡಿ ಅದರ ಕೆಳಗೇ ಸೇರಿತು. ಅಷ್ಟರಲ್ಲಿ ಊರಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಎರಡು ಹಡಗುಗಳೂ ಬೆರೆತು, ಮಂಗಳೂರಿಗೆ ಬರುತ್ತಿದ್ದ ಭಾರತದ ಹಡಗನ್ನು ಇರಾನ್ ಮುಳುಗಿಸಿತು ಎಂಬ ಕಥೆ ಸಿದ್ಧವಾಗಿತ್ತು. ಇಲಿ ಹೋದರೆ ಹುಲಿ ಹೋಯಿತು ಎನ್ನುವುದು ಇದಕ್ಕೇ. ಕೆಮ್ ಪ್ಲೂಟೊ ಮುಳುಗಲಿಲ್ಲ. ಕರಾವಳಿ ಕಾವಲು ಪಡೆಯ ವಿಕ್ರಮ್ ಹಡಗಿನ ಬೆಂಗಾವಲಿನಲ್ಲಿ ಡಿಸೆಂಬರ್ 25ರಂದು ಮುಂಬೈ ತಲುಪಿತು. ಹಿರಿಯ ಬೆಳೆಗಾರರೊಬ್ಬರು ಕಚೇರಿಗೇ ಬಂದು, ‘ಕೊನೆಗೂ ಹೊಡೆದವರು ಯಾರಪ್ಪಾ?’ ಎಂದು ಕೇಳಿದರು. ‘ಅಮೆರಿಕ ಹೇಳಿದ್ದು ಇದು, ಇರಾನ್ ಹೇಳಿದ್ದು ಇದು, ಹೊಣೆ ಹೊತ್ತವರು ಯಾರೂ ಇಲ್ಲ’ ಎಂದೆ. ಅವರಿಗೆ ತೃಪ್ತಿಯಾಗಲಿಲ್ಲ. ಅದಕ್ಕಿಂತ ಹೆಚ್ಚು ಹೇಳುವ ಅಧಿಕಾರ ಆಗ ನನಗಿರಲಿಲ್ಲ.

ಬೆಲೆಯ ವಿಷಯದಲ್ಲೂ ಇಷ್ಟೇ ಬಿಗಿಯಾಗಿರಬೇಕಾಯಿತು. 2024ರಲ್ಲಿ ರೊಬಸ್ಟಾ ದರ ಯಾರೂ ಕಂಡಿರದ ಎತ್ತರಕ್ಕೆ ಹೋದಾಗ ಎಲ್ಲರೂ ಅದನ್ನು ಯುದ್ಧದ ಖಾತೆಗೆ ಬರೆದರು. ದೊಡ್ಡ ಕಾರಣ ವಿಯೆಟ್ನಾಂನ ಬರ ಮತ್ತು ಕುಸಿದ ಇಳುವರಿ. ಹಡಗಿನ ದಾರಿ ಅದಕ್ಕೆ ಸೇರಿದ ಇನ್ನೊಂದು ಕಾರಣ. ಕಾವಲಿನ ಕೆಲಸದಲ್ಲಿರುವವನು ತಾನು ನೋಡುವ ಕಿಟಕಿಯಿಂದಲೇ ಲೋಕವನ್ನೆಲ್ಲ ವಿವರಿಸಲು ಹೊರಟರೆ ಓದುಗನ ಜೇಬಿಗೆ ಕತ್ತರಿ.

ಮೂಲಗಳ ಜಾತಕ ಗೊತ್ತಿಲ್ಲದೆ ಈ ಕೆಲಸ ಸಾಗದು. ಇರ್ನಾ ಇರಾನ್ ಸರ್ಕಾರದ ಸುದ್ದಿಸಂಸ್ಥೆ. ಫಾರ್ಸ್ ಮತ್ತು ತಸ್ನೀಮ್ ಅಲ್ಲಿನ ಪ್ರಬಲ ಸೇನಾಪಡೆಯಾದ ರೆವಲ್ಯೂಷನರಿ ಗಾರ್ಡ್‌ಗೆ ಹತ್ತಿರ. ಅಲ್ ಮಸೀರಾ ಹೂತಿಗಳ ವಾಹಿನಿ, ಅಲ್ ಮಯಾದೀನ್ ಬೈರೂತಿನದು, ಅಲ್ ಜಜೀರಾದ ಹಿಂದೆ ಕತಾರ್, ಅಲ್ ಅರೇಬಿಯಾದ ಹಿಂದೆ ಸೌದಿ. ಇಸ್ರೇಲಿನ ಪತ್ರಿಕೆಗಳು ಸೇನಾ ಸೆನ್ಸಾರ್‌ನ ಕೆಳಗೆ ಕೆಲಸ ಮಾಡುತ್ತವೆ. ತಾವೇ ಬರೆಯಲಾಗದ್ದನ್ನು ‘ವಿದೇಶಿ ವರದಿಗಳ ಪ್ರಕಾರ’ ಎಂದು ಬರೆಯುತ್ತವೆ. ಹೀಬ್ರೂ ಬಲ್ಲವರು ನಮ್ಮಲ್ಲಿಲ್ಲ. ಹಾಗಾಗಿ ಅವುಗಳ ಇಂಗ್ಲಿಷ್ ಆವೃತ್ತಿ ಓದುತ್ತೇವೆ, ಓದಿದ್ದು ಇಂಗ್ಲಿಷ್ ಆವೃತ್ತಿ ಎಂದೇ ನಮೂದಿಸುತ್ತೇವೆ.

ಯಾವ ಮಾಧ್ಯಮ ಎಷ್ಟು ಮೆಲ್ಲಗೆ ಮಾತನಾಡುತ್ತದೆ ಎಂಬುದನ್ನೂ ಬರೆದಿಡಬೇಕು. 2024ರ ಏಪ್ರಿಲ್ 19ರ ಬೆಳಗಿನ ಜಾವ ಇರಾನಿನ ಇಸ್ಫಹಾನ್ ನಗರದ ಬಳಿ ಸ್ಫೋಟದ ಸದ್ದಾಯಿತು ಎಂದು ಫಾರ್ಸ್ ಹೇಳಿತು. ಅಮೆರಿಕದ ಮಾಧ್ಯಮಗಳು ಅಧಿಕಾರಿಗಳನ್ನು ಉಲ್ಲೇಖಿಸಿ ಇಸ್ರೇಲ್ ದಾಳಿ ಮಾಡಿದೆ ಎಂದವು. ಇರಾನಿನ ದೂರದರ್ಶನ ಮಾತ್ರ ಶಾಂತವಾದ ನಗರದ ದೃಶ್ಯ ತೋರಿಸಿತು: ಸಣ್ಣ ಡ್ರೋನ್‌ಗಳನ್ನು ಹೊಡೆದುರುಳಿಸಲಾಗಿದೆ, ಪರಮಾಣು ಸ್ಥಾವರಗಳು ಸುರಕ್ಷಿತ. ಇಸ್ರೇಲ್ ಸರ್ಕಾರ ಅಧಿಕೃತವಾಗಿ ತುಟಿ ಬಿಚ್ಚಲಿಲ್ಲ. ಅಂದು ಬೆಳಿಗ್ಗೆ ನಮ್ಮ ಟಿಪ್ಪಣಿಯ ಮೊದಲ ಸಾಲಿನಲ್ಲಿ ದಾಳಿಯ ಸುದ್ದಿಯನ್ನು ಹಾಕಲಿಲ್ಲ. ಎರಡೂ ಕಡೆಯವರು ದನಿ ತಗ್ಗಿಸಿದ್ದಾರೆ, ಸೇಡಿನ ಮಾತು ಎಲ್ಲಿಯೂ ಕಾಣುತ್ತಿಲ್ಲ ಎಂದು ಹಾಕಿದೆವು. ಅಂದು ಹಡಗು ಗೊತ್ತು ಮಾಡಬೇಕಾಗಿದ್ದ ರಫ್ತುದಾರರಿಗೆ ಬೇಕಾದದ್ದು ಅದೇ ಆಗಿತ್ತು.

2025ರ ಜೂನ್ ಯುದ್ಧ ಬೇರೆಯೇ ಬಗೆಯದು. ಜೂನ್ 13ರ ನಸುಕಿನಲ್ಲಿ ಇಸ್ರೇಲ್ ಇರಾನಿನ ಮೇಲೆ ದಾಳಿ ಆರಂಭಿಸಿತು. ಇಲ್ಲಿ ಮುಂಗಾರು ಹಿಡಿದು ಕೂತಿತ್ತು. ಮರ ಬಿದ್ದರೆ ಕರೆಂಟೂ ಇಲ್ಲ, ಇಂಟರ್‌ನೆಟ್ ತಂತಿಯೂ ಇಲ್ಲ. ಎರಡು ಕಂಪನಿಗಳ ಸಂಪರ್ಕ, ಬ್ಯಾಟರಿ, ಅದೂ ಕೈಕೊಟ್ಟರೆ ಮೊಬೈಲ್, ಅದಕ್ಕೂ ಆಚೆ ಹಾಸನದಲ್ಲಿ ಒಬ್ಬ ಸಹೋದ್ಯೋಗಿಯ ಮನೆ: ಇಷ್ಟು ವ್ಯವಸ್ಥೆ ಮಳೆಗೆ ಮುಂಚೆಯೇ ಆಗಿತ್ತು. ಘಾಟಿ ಪ್ರದೇಶದಲ್ಲಿ ಈ ಕೆಲಸ ಮಾಡುವವರು ಮೊದಲು ದುಡ್ಡು ಹಾಕಬೇಕಾದದ್ದು ಇದಕ್ಕೆ, ಕಂಪ್ಯೂಟರಿಗಲ್ಲ.

ಜೂನ್ 16ರಂದು ಇರಾನಿನ ಸರ್ಕಾರಿ ದೂರದರ್ಶನದ ಕಟ್ಟಡದ ಮೇಲೆಯೇ ದಾಳಿಯಾಯಿತು. ವಾರ್ತಾವಾಚಕಿ ನೇರಪ್ರಸಾರದಲ್ಲಿದ್ದರು, ಧೂಳು ಕವಿಯಿತು, ಅವರು ಎದ್ದು ಹೋದರು, ಸ್ವಲ್ಪ ಹೊತ್ತಿನ ಬಳಿಕ ಪ್ರಸಾರ ಮತ್ತೆ ಶುರುವಾಯಿತು. ಎರಡು ದಿನಗಳಲ್ಲಿ ಇರಾನ್ ಇಂಟರ್‌ನೆಟ್ಟನ್ನು ಹೆಚ್ಚುಕಡಿಮೆ ಪೂರ್ತಿ ಕಡಿದುಹಾಕಿತು. ಆಗ ಅಲ್ಲಿನ ಜನಸಾಮಾನ್ಯರ ದನಿ ನಿಂತುಹೋಗಿ ಅಧಿಕೃತ ದನಿ ಮಾತ್ರ ಉಳಿಯಿತು. ಅದನ್ನು ನಾವು ಪ್ರತಿ ಟಿಪ್ಪಣಿಯ ತಲೆಯಲ್ಲೇ ಬರೆದೆವು. ಇಲ್ಲದಿದ್ದರೆ ಕಡಿಮೆ ಸುದ್ದಿ ಬಂದದ್ದನ್ನು ಕಡಿಮೆ ಹಾನಿ ಎಂದು ಓದುಗರು ತಿಳಿಯುತ್ತಾರೆ. ಇತ್ತ ಇಸ್ರೇಲಿನಲ್ಲಿ ಕ್ಷಿಪಣಿ ಬಿದ್ದ ನಿಖರ ಜಾಗವನ್ನು ತೋರಿಸಬಾರದೆಂದು ಸೆನ್ಸಾರ್ ಬಿಗಿಯಾಯಿತು. ಎರಡೂ ಪರದೆಗಳನ್ನು ಸಮಾನವಾಗಿ ನಮೂದಿಸಿದ್ದು ನಮ್ಮ ಕಚೇರಿಯ ಬಗ್ಗೆ ನನಗಿರುವ ದೊಡ್ಡ ಹೆಮ್ಮೆ.

ನಮ್ಮಲ್ಲಿ ಅರಬ್ಬಿ ನೋಡುವವರು ಜೆಡ್ಡಾದಲ್ಲಿ ದುಡಿದು ಬಂದ ಬ್ಯಾರಿ ಸಮುದಾಯದವರು. ಗಾಜಾದ ದೃಶ್ಯಗಳು ಅವರನ್ನು ಹಿಂಡುತ್ತಿದ್ದವು. ಇಂಗ್ಲಿಷ್ ನೋಡುವ ಹುಡುಗ ಇಸ್ರೇಲಿನ ಪರ; 2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲಿನಲ್ಲಿ ನಡೆಸಿದ ಹತ್ಯೆಗಳನ್ನು ಅವನು ಮರೆಯಲಾರ. ಇಬ್ಬರಿಗೂ ತಮ್ಮ ಅಭಿಪ್ರಾಯ ಬಿಡಿ ಎಂದು ನಾನು ಹೇಳಲಿಲ್ಲ, ಅದು ಆಗದ ಮಾತು. ಹುತಾತ್ಮ, ಭಯೋತ್ಪಾದಕ, ಶತ್ರು ಎಂಬ ಪದಗಳು ಉದ್ಧರಣ ಚಿಹ್ನೆಯೊಳಗೆ ಮಾತ್ರ ಬರಲಿ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿಯೇ ಕಳಿಸಲಿ ಎಂದೆ. ಹೆಣಗಳ ದೃಶ್ಯ ಪರಿಶೀಲಿಸುವಾಗ ಸದ್ದು ಬಂದ್ ಮಾಡಬೇಕು, ಚಿತ್ರ ಚಿಕ್ಕದಾಗಿಸಬೇಕು, ಒಬ್ಬರೇ ಕೂರಬಾರದು. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಪರದೆ ಬಿಟ್ಟು ಏಳಲೇಬೇಕು. ಮನಸ್ಸು ಕೆಟ್ಟವನ ಕೈಯಲ್ಲಿ ಟಿಪ್ಪಣಿಯೂ ಕೆಡುತ್ತದೆ ಎಂಬುದನ್ನು ದೆಹಲಿಯಲ್ಲೇ ಕಂಡಿದ್ದೇನೆ.

ಗಡಿಯಾರದ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಟೆಹರಾನ್ ನಮಗಿಂತ ಎರಡು ಗಂಟೆ ಹಿಂದೆ, ದೋಹಾ ಮತ್ತು ಸನಾ ಎರಡೂವರೆ ಗಂಟೆ. ಇರಾನಿನ ಪಂಚಾಂಗವೇ ಬೇರೆ. ಜೂನ್ 13 ಅವರಿಗೆ 1404ರ ಖೊರ್ದಾದ್ 23. ಹಳೆಯ ವಿಡಿಯೊಗಳು, ಕಂಪ್ಯೂಟರ್ ಆಟದ ತುಣುಕುಗಳು, ಕೃತಕ ಬುದ್ಧಿಮತ್ತೆಯಿಂದ ಮಾಡಿದ ಸ್ಫೋಟಗಳು ಹೊಸ ಸುದ್ದಿಯಾಗಿ ಹರಿದಾಡಿದ ಆ ದಿನಗಳಲ್ಲಿ ನಮ್ಮನ್ನು ಕಾಪಾಡಿದ್ದು ಸಮಯದ ಲೆಕ್ಕ. ಪ್ರತಿ ಪುಟವನ್ನು ಕಂಡ ತಕ್ಷಣ ಸಮಯದೊಂದಿಗೆ ಉಳಿಸಿಡುತ್ತೇವೆ; ಸುದ್ದಿಸಂಸ್ಥೆಗಳು ಶೀರ್ಷಿಕೆಯನ್ನು ಸದ್ದಿಲ್ಲದೆ ಬದಲಿಸುತ್ತವೆ, ಬದಲಾಯಿಸಿದ್ದೇ ಎಷ್ಟೋ ಸಲ ಮುಖ್ಯ ಸುದ್ದಿ.

ಜೂನ್ 23ರ ರಾತ್ರಿ ಕತಾರಿನಲ್ಲಿ ಅಮೆರಿಕದ ಸೇನೆಯಿರುವ ಅಲ್ ಉದೈದ್ ನೆಲೆಯತ್ತ ಇರಾನ್ ಕ್ಷಿಪಣಿ ಹಾರಿಸಿತು. ಅದಕ್ಕೂ ಮೊದಲು ಬಂದ ಸುದ್ದಿ ಚಿಕ್ಕದು: ಕತಾರ್ ತನ್ನ ವಾಯುಪ್ರದೇಶವನ್ನು ಮುಚ್ಚಿದೆ. ಆಗಲೇ ನಾನು ಎಲ್ಲರನ್ನೂ ಕಚೇರಿಗೆ ಕರೆಸಿದೆ. ಆಲ್ದೂರಿನ ಕಡೆಯ ಒಬ್ಬ ತಾಯಿ ಫೋನ್ ಮಾಡಿ, ‘ಅಣ್ಣಾ, ನನ್ನ ಮಗ ದೋಹಾದಲ್ಲಿದ್ದಾನೆ, ಟಿವಿಯಲ್ಲಿ ಊರೆಲ್ಲ ಉರಿಯುತ್ತಿದೆ ಎನ್ನುತ್ತಿದ್ದಾರೆ’ ಎಂದರು. ಉರಿಯುತ್ತಿಲ್ಲ ಎಂದು ಹೇಳಲು ನಾನು ಅಲ್ಲಿರಲಿಲ್ಲ. ‘ಅಮ್ಮಾ, ಕ್ಷಿಪಣಿಗಳನ್ನು ತಡೆದಿದ್ದೇವೆ, ಯಾರಿಗೂ ಪ್ರಾಣಹಾನಿಯಾಗಿಲ್ಲ ಎಂದು ಕತಾರ್ ಸರ್ಕಾರ ಈಗಷ್ಟೇ ಹೇಳಿದೆ. ಗುರಿ ಅಮೆರಿಕದ ಸೇನಾನೆಲೆ ಎಂದು ಇರಾನೇ ಹೇಳುತ್ತಿದೆ. ನೆಲೆ ಊರಿನ ಹೊರಗಿದೆ’ ಎಂದೆ. ದಾಳಿ ಮಾಡಿದವರ, ದಾಳಿಗೆ ಒಳಗಾದವರ ಮಾತು ಒಂದೆಡೆ ಕೂಡಿದ್ದರಿಂದ ಅಷ್ಟು ಧೈರ್ಯದಿಂದ ಹೇಳಲು ಸಾಧ್ಯವಾಯಿತು. ಮರುದಿನ ಕದನ ವಿರಾಮ ಜಾರಿಗೆ ಬಂತು.

ಇನ್ನು ರಾತ್ರಿ ಪಾಳಿ ನಿಲ್ಲಿಸಬಹುದಲ್ಲ ಎಂದು ಚಂದಾದಾರರೊಬ್ಬರು ಸೂಚಿಸಿದರು. ಅಲ್ ಮಸೀರಾದಲ್ಲಿ ಹೂತಿಗಳ ದನಿ ತಗ್ಗಿರಲಿಲ್ಲವಾದ್ದರಿಂದ ನಾನು ಒಪ್ಪಲಿಲ್ಲ. ಜುಲೈ 6ರಂದು ಕೆಂಪು ಸಮುದ್ರದಲ್ಲಿ ಮ್ಯಾಜಿಕ್ ಸೀಸ್ ಹಡಗಿನ ಮೇಲೆ, ಮರುದಿನ ಎಟರ್ನಿಟಿ ಸಿ ಮೇಲೆ ದಾಳಿಯಾಯಿತು, ಎರಡೂ ಮುಳುಗಿದವು. ಆ ವಾರ ಮಾಲು ಕಳಿಸಬೇಕಿದ್ದ ಇಬ್ಬರು ರಫ್ತುದಾರರು ಗುಡ್‌ಹೋಪ್ ದಾರಿಯ ಬಾಡಿಗೆಯನ್ನೇ ಹಿಡಿದು ಇಟಲಿಯ ಗಿರಾಕಿಗಳಿಗೆ ದರ ಬರೆದರು.