ಹಳಿಯ ಮೇಲಿನ ಮೋಟಾರ್‌ಕಾರು: ವೇಗದ ಲೆಕ್ಕ ತಪ್ಪುವುದು ಎಲ್ಲಿ?

ಅಮೆರಿಕದಲ್ಲಿ ನೆಲೆಸಿರುವ ನಮ್ಮವರಲ್ಲಿ ಕೆಲವರು ಹಳೆಯ ರೈಲ್ವೆ ಮೋಟಾರ್‌ಕಾರು ಕೊಂಡು ಓಡಿಸುವ ಹವ್ಯಾಸಕ್ಕೆ ಬರುತ್ತಿರುವುದು ನನಗೆ ಸಂತೋಷದ ಸಂಗತಿ. ಇಲ್ಲಿ ಸ್ಪೀಡರ್ ಎಂದು ಕರೆಯುವ ಈ ಗಾಡಿ, ನಮ್ಮಲ್ಲಿ ಹಳಿ ತಪಾಸಣೆಗೆ ಬಳಸುವ ಮೋಟಾರ್ ಟ್ರಾಲಿಯ ಹತ್ತಿರದ ನೆಂಟ. ರೈಲ್ವೆ ಕಂಪನಿಯ ಅನುಮತಿ, ವಿಮೆ, ಈ ಗಾಡಿ ಓಡಿಸುವ ಹವ್ಯಾಸಿಗಳ ಸಂಘವಾದ ನಾರ್ಕೋವಾದ ನಿಯಮಾವಳಿ ಪರೀಕ್ಷೆ ಇವೆಲ್ಲ ಗಾಡಿ ಕೊಂಡವರಿಗೆ ಗೊತ್ತಿರುತ್ತವೆ. ಹೊಸಬರು ಮತ್ತೆ ಮತ್ತೆ ಎಡವುವುದು ವೇಗದ ವಿಷಯದಲ್ಲಿ.

ಹಳಿಯ ದರ್ಜೆ ನೋಡಿ ವೇಗ ನಿರ್ಧರಿಸಬೇಡಿ. ಇಲ್ಲಿನ ಕೇಂದ್ರ ಸರ್ಕಾರದ ನಿಯಮದಂತೆ ಒಂದನೇ ದರ್ಜೆಯ ಹಳಿಯಲ್ಲಿ ಸರಕು ರೈಲಿಗೆ ಗಂಟೆಗೆ 10 ಮೈಲಿ, ಪ್ರಯಾಣಿಕ ರೈಲಿಗೆ 15. ಎರಡನೇ ದರ್ಜೆಯಲ್ಲಿ 25 ಮತ್ತು 30. ಇವು ರೈಲುಗಳಿಗೆ ಹಾಕಿದ ಮಿತಿ. ನಿಮ್ಮ ಪುಟ್ಟ ಗಾಡಿಯ ಬ್ರೇಕು ಎಷ್ಟು ದೂರದಲ್ಲಿ ಹಿಡಿಯುತ್ತದೆ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಗಾಡಿಗಳು ಸಾಲಾಗಿ ಹೊರಡುವ ಓಟದ ಮುಖ್ಯಸ್ಥರು ಬೆಳಗಿನ ಸಭೆಯಲ್ಲಿ ಹೇಳುವ ಮಿತಿಯನ್ನು ಪಾಲಿಸಿ. ಹಳಿ ಒದ್ದೆಯಾಗಿದ್ದರೆ ಅದಕ್ಕಿಂತಲೂ ಕೆಳಗೆ ಇರಿ.

ಈಗ ಹಣ ಕಳೆಯುವ ಬಲೆಯ ವಿಷಯ. ಸಾಲಾಗಿ ಗಾಡಿಗಳು ಹೊರಟಿವೆ, ಮುಂದಿನ ಗಾಡಿ 20 ಮೈಲಿ ವೇಗದಲ್ಲಿದೆ ಎಂದುಕೊಳ್ಳಿ. ರಸ್ತೆ ಅಡ್ಡ ಬಂದಾಗ ಎಲ್ಲರೂ ನಿಧಾನಿಸುತ್ತಾರೆ. ದಾಟಿದ ಮುಂದಿನವರು ವೇಗ ಹಿಡಿಯುವಾಗ ಕೊನೆಯವರು ಇನ್ನೂ ರಸ್ತೆಯ ಈಚೆಗೇ ಇರುತ್ತಾರೆ. ಅಂತರ ಬೆಳೆಯುತ್ತದೆ, ಹಿಂದೆ ಉಳಿದೆವೆಂಬ ಆತಂಕ ಹುಟ್ಟುತ್ತದೆ, ಕೈ ಥ್ರಾಟಲ್ ಮೇಲೆ ಹೋಗುತ್ತದೆ. ಹೀಗೆ ಮುಂದಿನವರು 20ರಲ್ಲೇ ಇದ್ದರೂ ಬಾಲದವರು 30 ಮುಟ್ಟಿರುತ್ತಾರೆ. ವೇಗ ಒಂದೂವರೆ ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ಸಾಗುವ ದೂರ ಎರಡೂಕಾಲು ಪಟ್ಟಾಗುತ್ತದೆ. ನಿಧಾನವಾಗಿ ಯೋಚಿಸಲು ಅಲ್ಲಿ ಸಮಯವಿಲ್ಲ: 30 ಮೈಲಿಯಲ್ಲಿ ಒಂದೇ ಸೆಕೆಂಡಿಗೆ ಹದಿಮೂರು ಮೀಟರ್ ಕಳೆದುಹೋಗುತ್ತದೆ. ಉಕ್ಕಿನ ಚಕ್ರ ಉಕ್ಕಿನ ಹಳಿ, ಮೇಲೆ ಇಬ್ಬನಿಯೋ ಕೊಳೆತ ಎಲೆಯೋ ಇದ್ದರೆ ಚಕ್ರ ನಿಂತರೂ ಗಾಡಿ ಜಾರುತ್ತಲೇ ಇರುತ್ತದೆ. ತಪ್ಪಿಸಿಕೊಳ್ಳಲು ಸ್ಟಿಯರಿಂಗ್ ಇಲ್ಲ.

ದಾವಣಗೆರೆಯ ಕಡೆಯ ಗೆಳೆಯರೊಬ್ಬರು ಹೀಗೆಯೇ ಒಂದು ಒದ್ದೆ ಬೆಳಗ್ಗೆ ತಿರುವು ದಾಟಿ ಬಂದಾಗ ಮುಂದಿನ ಗಾಡಿ ನಿಂತಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ಪುಣ್ಯ. ಆದರೆ ಅವರ ಗಾಡಿಯ ಆಕ್ಸಲ್ ಬಾಗಿತು, ಮುಂದಿನವರ ಹಿಂಭಾಗ ಜಜ್ಜಿತು. ಎರಡೂ ಗಾಡಿಗಳ ದುರಸ್ತಿಗೆ ಹಣ ತೆತ್ತರು, ಆ ಬೇಸಿಗೆಯ ಉಳಿದ ಓಟಗಳೆಲ್ಲ ಕೈತಪ್ಪಿದವು. ಅಂತರ ಬೆಳೆದರೆ ಬೆಳೆಯಲಿ ಬಿಡಿ. ಹಿಂದೆ ಬಿದ್ದವರಿಗಾಗಿ ಮುಂದಿನವರು ನಿಧಾನಿಸಬೇಕು. ರೇಡಿಯೊದಲ್ಲಿ ಹೇಳಲು ಸಂಕೋಚ ಬೇಡ. ಕಾಣುವಷ್ಟು ಹಳಿಯ ಅರ್ಧದೊಳಗೆ ನಿಲ್ಲಿಸಲು ಸಾಧ್ಯವಾಗುವುದೇ ನಿಮ್ಮ ವೇಗ.

ರಸ್ತೆ ದಾಟುವ ಜಾಗದಲ್ಲಿ, ಗೇಟ್ ಇಳಿದು ವಾಹನಗಳು ನಿಂತಿರುತ್ತವೆಂದು ನಂಬುವ ನಮ್ಮ ಊರಿನ ಅಭ್ಯಾಸ ಇಲ್ಲಿ ಅಪಾಯಕಾರಿ. ಭಾರತದ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಲೆವೆಲ್ ಕ್ರಾಸಿಂಗ್‌ಗಳನ್ನು 2019ರ ಹೊತ್ತಿಗೆ ತೆಗೆದುಹಾಕಲಾಯಿತು. ಈ ವಿಷಯದಲ್ಲಿ ನಮ್ಮ ವ್ಯವಸ್ಥೆಯೇ ಮೇಲು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಇಲ್ಲಿ ಗೇಟ್ ಇದ್ದರೂ ಅದು ನಿಮಗಾಗಿ ಇಳಿಯುತ್ತದೆಂದು ನಂಬಬೇಡಿ. ಸ್ಪೀಡರ್‌ನ ಚಕ್ರಗಳಿಗೆ ವಿದ್ಯುತ್ ಹರಿಯದಂತೆ ನಿರೋಧಕ ಇರುವುದರಿಂದ ರೈಲು ಬಂದದ್ದನ್ನು ಗುರುತಿಸಿ ಗೇಟ್ ಇಳಿಸುವ ಹಳಿಯ ವಿದ್ಯುತ್ ಸರ್ಕಿಟ್‌ಗೆ ನೀವು ಬಂದದ್ದೇ ತಿಳಿಯುವುದಿಲ್ಲ. ಕಾರು ಲಾರಿಗಳಿಗೆ ನೀವೇ ದಾರಿ ಬಿಡಬೇಕು. ತಕ್ಷಣ ನಿಲ್ಲಿಸಬಲ್ಲ ವೇಗದಲ್ಲಿ ಬನ್ನಿ, ಬಾವುಟ ಹಿಡಿದವರು ಸನ್ನೆ ಮಾಡಿದ ಮೇಲೂ ಎರಡೂ ಕಡೆ ನೋಡಿ.

ಮಣ್ಣು ರಸ್ತೆಗಳಲ್ಲಿ ಹಳಿಯ ಪಕ್ಕದ ಸಂದಿಗೆ ಜಲ್ಲಿ ಬಿಗಿದಿದ್ದರೆ ಭಾರದ ರೈಲು ಅದನ್ನು ಪುಡಿಮಾಡಿ ಹೋಗುತ್ತದೆ, ಹಗುರ ಗಾಡಿ ಅದರ ಮೇಲೆ ಹತ್ತಿ ಹಳಿ ತಪ್ಪುತ್ತದೆ. ಹಳಿ ಕವಲೊಡೆಯುವಲ್ಲಿಯೂ ನಡಿಗೆಯ ವೇಗ ಸಾಕು. ಮೊದಲ ಓಟಕ್ಕೆ ಹೋಗುವಾಗ ಸಾಲಿನ ಕೊನೆಯ ಜಾಗ ಬೇಡವೆಂದು ಮುಖ್ಯಸ್ಥರಿಗೆ ಮೊದಲೇ ತಿಳಿಸಿ, ನಡುವಿನಲ್ಲಿ ಜಾಗ ಕೇಳಿ.