ಗೂಡಿನಿಂದ ಬಿದ್ದ ಫಿಂಚ್ ಮರಿಗೆ ಮೊದಲು ಕಾವು, ಆಮೇಲೆ ಗುಟುಕು

ಜೀಬ್ರಾ ಫಿಂಚ್ ಮರಿ ಮೊಟ್ಟೆಯೊಡೆದು ಬಂದ ದಿನ ಒಂದು ಗ್ರಾಂ ಕೂಡ ತೂಗುವುದಿಲ್ಲ. ನೆನೆಸಿದ ಕಾಬೂಲಿ ಕಡಲೆಯಷ್ಟು ಮೈ, ಬೆನ್ನ ಮೇಲೆ ನಾಲ್ಕು ಎಳೆ ಬಿಳಿ ತುಪ್ಪಳು, ಮುಚ್ಚಿದ ಕಣ್ಣು. ಬೆಳಿಗ್ಗೆ ಪಂಜರದ ತಳದಲ್ಲಿ ಇಂಥದ್ದೊಂದು ಬಿದ್ದಿರುವುದು ಕಂಡ ಕೂಡಲೇ ಏನಾದರೂ ತಿನ್ನಿಸೋಣ ಎಂದು ಕೈ ಓಡುತ್ತದೆ. "ಹಾಲಾಗ ಬ್ರೆಡ್ ನೆನಸಿ ಕೊಡ್ರಿ" ಎನ್ನುವವರು ಪಕ್ಕದಲ್ಲೇ ನಿಂತಿರುತ್ತಾರೆ. ಆದರೆ ತಣ್ಣಗಾದ ಮರಿಯ ಕರುಳು ಕೆಲಸ ನಿಲ್ಲಿಸಿರುತ್ತದೆ. ಬಾಯಿಗೆ ಹಾಕಿದ್ದು ಕ್ರಾಪ್‌ನಲ್ಲಿ, ಅಂದರೆ ಕುತ್ತಿಗೆಯ ಗುಟುಕಿನ ಚೀಲದಲ್ಲಿ, ಹಾಗೇ ಕೂತು ಹುಳಿಯುತ್ತದೆ. ಹಸಿದು ಸತ್ತ ಮರಿಗಳಿಗಿಂತ ತಣ್ಣಗಿದ್ದಾಗ ತಿನ್ನಿಸಿ ಸತ್ತ ಮರಿಗಳೇ ಜಾಸ್ತಿ ಎನ್ನುವುದು ನನ್ನ ಲೆಕ್ಕ. ಕಾವು, ಆಮೇಲೆ ನೀರು, ಅದಾದ ಮೇಲೆ ಆಹಾರ. ಈ ಸರದಿ ತಪ್ಪಬಾರದು.

ಎತ್ತಿಕೊಂಡ ಮರಿ ಅಲುಗಾಡದಿದ್ದರೂ ಸತ್ತಿದೆ ಎಂದು ಎಸೆಯಬೇಡಿ. ಎರಡೂ ಅಂಗೈ ಕೂಡಿಸಿ ನಡುವೆ ಇಟ್ಟುಕೊಂಡು, ಬಿಸಿಯುಸಿರು ಊದುತ್ತ 20-30 ನಿಮಿಷ ಕಾಯಬೇಕು. ಹೇರ್ ಡ್ರೈಯರ್ ಹಿಡಿದರೆ, ಬಲ್ಬಿನ ಕೆಳಗೆ ನೇರ ಇಟ್ಟರೆ ತೆಳು ಚರ್ಮ ನೋಡನೋಡುತ್ತಲೇ ಒಣಗುತ್ತದೆ. ಮೈ ಗುಲಾಬಿ ಬಣ್ಣಕ್ಕೆ ತಿರುಗಿ ಬಾಯಿ ತೆರೆದರೆ ಮೊದಲು ಗೂಡಿಗೇ ಮರಳಿಸಿ ನೋಡಿ. ಮನುಷ್ಯರ ವಾಸನೆ ಹತ್ತಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಎಷ್ಟೋ ಸಲ ತಾಯಿ ಹಾರುವಾಗ ಕಾಲಿಗೆ ಸಿಕ್ಕಿ ಮರಿ ಹೊರಬಿದ್ದಿರುತ್ತದೆ, ಅಷ್ಟೇ. ಒಂದು ತಾಸಿನ ನಂತರ ಕ್ರಾಪ್ ತುಂಬಿದ್ದರೆ ನಿಮ್ಮ ಕೆಲಸ ಮುಗಿಯಿತು. ಎರಡನೇ ಸಲ ಹೊರಗೆ ಬಿದ್ದಿದ್ದರೆ ಅದು ಬೇಕೆಂದೇ ಎಸೆದದ್ದು, ಮತ್ತೆ ಇಡಬೇಡಿ. ಮೊದಲ ಸಲ ಮರಿ ಮಾಡಿದ ಜೋಡಿ, ಪದೇ ಪದೇ ಗೂಡು ಇಣುಕುವ ನಾವು, ಒಂದೇ ಪಂಜರದಲ್ಲಿ ಗೂಡಿಗೆ ನುಗ್ಗುವ ಇನ್ನೊಂದು ಗಂಡು, ಹುಬ್ಬಳ್ಳಿಯ ಏಪ್ರಿಲ್‌ನಲ್ಲಿ ತಗಡಿನ ಮಾಡಿನ ಕೆಳಗೆ ಕಾಯುವ ಗೂಡು: ಸಾಮಾನ್ಯವಾಗಿ ಕಾರಣ ಇವುಗಳಲ್ಲೊಂದು.

ಎರಡನೇ ದಾರಿ ದತ್ತು. ಬೆಂಗಾಲೀಸ್ ಫಿಂಚ್ ಜೋಡಿ ಕಾವಿಗೆ ಕೂತಿದ್ದರೆ, ಅಥವಾ ಎರಡು-ಮೂರು ದಿನ ಹೆಚ್ಚು ಕಡಿಮೆ ವಯಸ್ಸಿನ ಮರಿ ಸಾಕುತ್ತಿದ್ದರೆ, ನಮ್ಮ ಅನಾಥ ಮರಿಯನ್ನು ಸಂಜೆ ಅದರ ಗೂಡಿಗೆ ಸೇರಿಸಬಹುದು. ಬಿಳಿ ಸೊಂಟದ ರಾಟವಾಳ (ಮುನಿಯಾ) ಎಂಬ ಕಾಡುಹಕ್ಕಿಯಿಂದ ತಲೆಮಾರುಗಟ್ಟಲೆ ಸಾಕಿ ಜಪಾನಿನಲ್ಲಿ ರೂಪಿಸಿದ ತಳಿ ಇದು. ಬೇರೆ ಜಾತಿಯ ಮರಿಗೂ ಗುಟುಕು ಕೊಡುವಷ್ಟು ಮೃದು. ಗೋಲ್ಡಿಯನ್ ಫಿಂಚ್ ಸಾಕುವವರು ಒಂದೆರಡು ಜೋಡಿ ಬೆಂಗಾಲೀಸ್ ಇಟ್ಟುಕೊಳ್ಳುವುದು ಇದಕ್ಕೇ. ಯಾವ ಮನುಷ್ಯನ ಕೈಗಿಂತಲೂ ಈ ಹಕ್ಕಿಯ ಕೊಕ್ಕು ಮೇಲು. ಹಿತ್ತಲ ಗಿಡದಿಂದ ಬಿದ್ದದ್ದು ನಮ್ಮ ಊರಿನ ಕಾಡು ರಾಟವಾಳದ ಮರಿಯಾಗಿದ್ದರೆ ಮಾತೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದನ್ನು ಮನೆಯಲ್ಲಿ ಸಾಕುವಂತಿಲ್ಲ. ಅರಣ್ಯ ಇಲಾಖೆಗೆ ತಿಳಿಸಿ.

ಎರಡೂ ಆಗಲಿಲ್ಲವೆಂದರೆ ಕಾವುಪೆಟ್ಟಿಗೆ. ಔಷಧಿ ಅಂಗಡಿಯವರು ಬಿಸಾಡುವ ಥರ್ಮೋಕೋಲ್ ಡಬ್ಬಿ, ಸುಮಾರು ಒಂದು ಅಡಿ ಉದ್ದದ್ದು, ಸಾಕು. ಶಾಖಕ್ಕೆ ಹಳೆ ಮಾದರಿಯ ತಂತಿಯ ಜೀರೋ ಬಲ್ಬ್ ಎರಡು. ಹೆಸರಿಗೆ ಜೀರೋ, ಎಳೆಯುವುದು 12-15 ವ್ಯಾಟ್. ಎಲ್‌ಇಡಿಯ ಜೀರೋ ಬಲ್ಬ್ ತಂದರೆ ಬೆಳಕು ಬರುತ್ತದೆ, ಕಾವು ಬರುವುದಿಲ್ಲ. ಎರಡು ಏಕೆಂದರೆ ರಾತ್ರಿ ಒಂದು ಸುಟ್ಟರೂ ಇನ್ನೊಂದು ಉರಿಯುತ್ತಿರಲಿ ಎಂದು. ಬಲ್ಬು ಥರ್ಮೋಕೋಲಿಗೆ ತಾಗದ ಹಾಗೆ ಸುತ್ತ ನಾಲ್ಕು ಬೆರಳು ಜಾಗ ಬಿಟ್ಟು, ಮರಿಯ ಕಡೆಗೆ ತಗಡಿನ ಮರೆ ಕೊಡಬೇಕು. ಡಬ್ಲ್ಯೂ3001 ಎಂಬ ಸಣ್ಣ ಥರ್ಮೋಸ್ಟಾಟ್ ಇದಕ್ಕೆ ಹೇಳಿ ಮಾಡಿಸಿದ್ದು. ಕೊಳ್ಳುವಾಗ ಹಿಂದೆ 220 ವೋಲ್ಟ್ ಎಂದಿದೆಯೇ ನೋಡಿ. 12 ವೋಲ್ಟಿನದೂ ಅದೇ ರೂಪದಲ್ಲಿ ಇರುತ್ತದೆ, ಗೋಡೆಯ ಪ್ಲಗ್ಗಿಗೆ ಹಾಕಿದರೆ ಸುಟ್ಟು ಹೋಗುತ್ತದೆ. ಶುರುವಾಗುವ ಅಂಕಿ 36, ನಿಲ್ಲುವ ಅಂಕಿ 36.7 ಇಟ್ಟರೆ ತಾನೇ ಹೊತ್ತಿ ಆರುತ್ತದೆ. ಅದರ ಸೆನ್ಸರ್ ತುದಿ ಮರಿಯ ಮಟ್ಟದಲ್ಲಿ ಇರಲಿ. ಮುಚ್ಚಳದ ಹತ್ತಿರ ತೂಗುಬಿಟ್ಟರೆ ಅಲ್ಲಿ 36 ತೋರಿಸುತ್ತಿರುವಾಗ ಕೆಳಗೆ ಮರಿ 32ರಲ್ಲಿ ನಡುಗುತ್ತಿರುತ್ತದೆ. ನಂಬಿಕೆಗೆ ಬೇರೊಂದು ಥರ್ಮಾಮೀಟರ್ ಮರಿಯ ಪಕ್ಕ ಇಡುತ್ತೇನೆ. ಗಾಳಿಗೆ ಪೆನ್ಸಿಲ್ ದಪ್ಪದ ನಾಲ್ಕು ತೂತು.

ಮೊದಲ ನಾಲ್ಕು ದಿನ 36-36.5 ಡಿಗ್ರಿ. ವಾರದ ಹೊತ್ತಿಗೆ 35, ಮುಳ್ಳುಪುಕ್ಕ ಕಾಣಿಸಿಕೊಂಡಾಗ 33, ಪುಕ್ಕ ಬಿಚ್ಚತೊಡಗಿದ ಮೇಲೆ 30, ಮೈ ತುಂಬಿದ ಮೇಲೆ 28. ಒಂಟಿ ಮರಿಗೆ ಒಂದು ಡಿಗ್ರಿ ಜಾಸ್ತಿ ಬೇಕಾಗುತ್ತದೆ. ನಾಲ್ಕಿದ್ದರೆ ಒಂದಕ್ಕೊಂದು ಕಾವು ಕೊಡುತ್ತವೆ. ಅಂಕಿಗಿಂತ ಮರಿಯನ್ನೇ ನೋಡಿ: ಕತ್ತು ಚಾಚಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆ, ಮುದುಡಿ ಬಾಯಿಯನ್ನೇ ತೆರೆಯದಿದ್ದರೆ ಚಳಿ. ತೇವ 55-60 ಶೇಕಡಾ ಇರಬೇಕು. ಗದಗಿನ ಕಡೆಯ ಫೆಬ್ರವರಿ-ಮಾರ್ಚ್ ಒಣಗಾಳಿಗೆ ಡಬ್ಬಿಯೊಳಗೆ ಒದ್ದೆ ಸ್ಪಂಜು ಇಡದೆ ಗತಿಯಿಲ್ಲ. ಮರಿ ಅದರೊಳಗೆ ಬೀಳದಂತೆ ಜಾಳಿಗೆ ಮುಚ್ಚಿ. ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ಸ್ಪಂಜು ಬೇಡವೇ ಬೇಡ, ಬದಲಿಗೆ ಆಹಾರದ ಪುಡಿಗೆ ಬೂಷ್ಟು ಹಿಡಿಯದಂತೆ ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಬೇಕು. ಕರೆಂಟ್ ಹೋದರೆ ಇನ್ವರ್ಟರ್. ಅದಿಲ್ಲದಿದ್ದರೆ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಒಳಗಿಟ್ಟು ಮುಚ್ಚಳ ತೆರೆಯದೆ ಬಿಡಿ.

ಮರಿಗೆ ಕೂರಲು ಸಣ್ಣ ಮಣ್ಣಿನ ಕುಡಿಕೆ ಅಥವಾ ಚಹಾ ವಾಟಿ, ಒಳಗೆ ಟಿಶ್ಯೂ ಕಾಗದವನ್ನು ಗುಂಡಿಯಂತೆ ಒತ್ತಿ. ಸಮತಟ್ಟಾದ ತಳದಲ್ಲಿ ಬಿಟ್ಟರೆ ಕಾಲುಗಳು ಎರಡು ಬದಿಗೆ ಜಾರಿ ಹಾಗೇ ಬಲಿಯುತ್ತವೆ, ಆಮೇಲೆ ಕೋಲಿನ ಮೇಲೆ ಕೂರಲಾಗದು. ಹತ್ತಿ ಹಾಕಬೇಡಿ, ಎಳೆ ಉಗುರಿಗೆ ಸುತ್ತಿಕೊಳ್ಳುತ್ತದೆ. ಪ್ರತಿ ಎರಡು-ಮೂರು ಗುಟುಕಿಗೊಮ್ಮೆ ಟಿಶ್ಯೂ ಬದಲಿಸಿ.

ಮರಿ ಬಿಸಿಯಾದ ಮೇಲೆ ಮೊದಲು ಕೊಡುವುದು ಉಗುರುಬೆಚ್ಚಗಿನ ಓಆರ್‌ಎಸ್ ನೀರು. ಪ್ಯಾಕೆಟ್ ಪೂರ್ತಿ ಒಡೆದು ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಚಿಟಿಕೆ ತೆಗೆದು ಲೋಟಕ್ಕೆ ಹಾಕಿದರೆ ಉಪ್ಪು, ಸಕ್ಕರೆ ಯಾವುದು ಎಷ್ಟು ಬಂತೆಂದು ಗೊತ್ತಾಗುವುದಿಲ್ಲ. 24 ತಾಸಿನ ಮೇಲೆ ಚೆಲ್ಲಿ. ಆಗಷ್ಟೇ ಮೊಟ್ಟೆಯೊಡೆದ ಮರಿಗೆ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಉಳಿದಿರುತ್ತದೆ, ಕೆಲವು ತಾಸು ಆಹಾರವೇ ಬೇಕಿಲ್ಲ. ಒಂದೆರಡು ಸಲ ನೀರು ಇಳಿದು ಹಿಕ್ಕೆ ಹಾಕಿದ ಮೇಲೆ ಆಹಾರ ಶುರು.

ಆಹಾರಕ್ಕೆ ಹ್ಯಾಂಡ್ ಫೀಡಿಂಗ್ ಪುಡಿ, ನ್ಯೂಟ್ರಿಬರ್ಡ್ ಎ21ರಂತೆ 20-22 ಶೇಕಡಾ ಪ್ರೋಟೀನ್ ಇರುವುದು. ಹಕ್ಕಿಗೆ ಹಾಲಿನ ಸಕ್ಕರೆ ಜೀರ್ಣಿಸುವ ಶಕ್ತಿಯಿಲ್ಲ, ಆದ್ದರಿಂದ ಹಾಲೂ ಬೇಡ, ಹಾಲುಪುಡಿ ಬೆರೆತ ಮಕ್ಕಳ ಆಹಾರವೂ ಬೇಡ. ಗಂಜಿಯಲ್ಲಿ ಪ್ರೋಟೀನ್ ತೀರಾ ಕಡಿಮೆ, ಹೊಟ್ಟೆ ಉಬ್ಬಿದರೂ ಮರಿ ಬೆಳೆಯುವುದಿಲ್ಲ. ಪುಡಿ ಬರುವವರೆಗೆ, ಒಂದು ದಿನದ ಮಟ್ಟಿಗೆ, ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯ ಹಳದಿಯನ್ನು ಓಆರ್‌ಎಸ್‌ನಲ್ಲಿ ಕಿವುಚಿ ಸೋಸಿ ಕೊಡಬಹುದು. ಪುಡಿಯನ್ನು ಆಭರಣದ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ತೂಗಿ: ಮೊದಲೆರಡು ದಿನ 1 ಗ್ರಾಂ ಪುಡಿಗೆ 5 ಮಿ.ಲೀ. ಕುದಿಸಿ ಆರಿಸಿದ ನೀರು, ಮೂರು-ನಾಲ್ಕನೇ ದಿನ 4, ಒಂದು ವಾರದ ಹೊತ್ತಿಗೆ 3. ಇನ್ನೂ ಗಟ್ಟಿ ಮಾಡುವ ಆತುರ ಬೇಡ; ಎಳೆ ಮರಿಗೆ ಬಾಯಾರಿಕೆ ತಣಿಯುವುದೂ ಈ ಗುಟುಕಿನಲ್ಲೇ. ಐದು ನಿಮಿಷ ನೆನೆದ ಮೇಲೆ ಮಲ್ ಬಟ್ಟೆಯಲ್ಲಿ ಸೋಸಿ, ಇಲ್ಲದಿದ್ದರೆ ನಳಿಗೆ ಕಟ್ಟಿಕೊಳ್ಳುತ್ತದೆ. ವಾಟಿಯನ್ನು ಬಿಸಿನೀರಿನ ಬೋಗುಣಿಯಲ್ಲಿ ಕೂರಿಸಿದರೆ ಬಿಸಿ ಉಳಿಯುತ್ತದೆ. ಕೊಡುವಾಗ 39-40 ಡಿಗ್ರಿ. 43 ದಾಟಿದರೆ ಕ್ರಾಪ್ ಸುಡುತ್ತದೆ, 37ಕ್ಕಿಂತ ಇಳಿದರೆ ಇಳಿಯುವುದು ನಿಧಾನವಾಗುತ್ತದೆ. ಮೈಕ್ರೋವೇವ್‌ನಲ್ಲಿ ಕಾಯಿಸಿದ್ದು ಒಂದು ಕಡೆ ತಣ್ಣಗಿದ್ದು ಇನ್ನೊಂದು ಕಡೆ ಸುಡುತ್ತಿರುತ್ತದೆ, ಬೇಡ. ಉಳಿದದ್ದನ್ನು ಮತ್ತೆ ಬಿಸಿ ಮಾಡಬೇಡಿ.

ಸಲಕರಣೆ: 1 ಮಿ.ಲೀ. ಸಿರಿಂಜು, ಅದರ ತುದಿಗೆ ಹಳದಿ ಬಣ್ಣದ 24 ಗೇಜಿನ ಐವಿ ಕ್ಯಾನುಲಾ, ಅಂದರೆ ಆಸ್ಪತ್ರೆಯಲ್ಲಿ ಸಲೈನ್ ಹಾಕಲು ಕೈಗೆ ಚುಚ್ಚುವ ನಳಿಗೆ. ಒಳಗಿನ ಸೂಜಿಯನ್ನು ಪೂರ್ತಿ ಎಳೆದು ತೆಗೆದರೆ ಮೃದುವಾದ ಪ್ಲಾಸ್ಟಿಕ್ ನಳಿಗೆ ಉಳಿಯುತ್ತದೆ. ಅದನ್ನು ಗಿಡ್ಡ ಮಾಡಲು ಕತ್ತರಿಸಬೇಡಿ, ಕತ್ತರಿಸಿದ ಅಂಚು ಗಂಟಲು ಗೀರುತ್ತದೆ. ಸೈಕಲ್ ವಾಲ್ವ್ ಟ್ಯೂಬ್ ಸಿಕ್ಕಿಸುವವರಿದ್ದಾರೆ. ಅದು ಜಾರಿ ಮರಿಯ ಹೊಟ್ಟೆ ಸೇರುತ್ತದೆ. ವಾರದ ನಂತರ ನೀಲಿ 22 ಗೇಜು.

ಫಿಂಚ್ ಮರಿ ಬಾಯಿ ತೆರೆಯುವ ರೀತಿಯೇ ಬೇರೆ. ಗುಬ್ಬಿ ಮರಿಯಂತೆ ಕತ್ತು ನೆಟ್ಟಗೆ ಎತ್ತುವುದಿಲ್ಲ. ತಲೆಯನ್ನು ತಗ್ಗಿಸಿ, ಕತ್ತು ಓರೆಯಾಗಿ ತಿರುಚಿ, ಬಾಯನ್ನು ಮಾತ್ರ ಮೇಲ್ಮುಖ ಮಾಡಿ ನಾಲಿಗೆ ಅತ್ತಿತ್ತ ಆಡಿಸುತ್ತದೆ. ಅಂಗುಳಲ್ಲಿ ಕಪ್ಪು ಚುಕ್ಕೆಗಳು ಕಾಣುತ್ತವೆ. ತಲೆ ನೇರ ಮಾಡಲು ಹೋದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಕೊಕ್ಕಿನ ಮೂಲೆಗೆ ನಳಿಗೆಯಿಂದ ಮೆಲ್ಲಗೆ ಸೋಕಿದರೆ, ವಾಟಿಯ ಅಂಚಿಗೆ ಉಗುರಿನಿಂದ ಟಕ್ ಎನಿಸಿದರೆ ತೆರೆಯುತ್ತದೆ. ನಾಲಿಗೆಯ ಬುಡದಲ್ಲಿ ತೆರೆದು ಮುಚ್ಚುವ ಸಣ್ಣ ಸೀಳು ಇದೆಯಲ್ಲ, ಅದು ಉಸಿರ್ನಾಳ. ಅದರ ಮೇಲೆ ಹನಿ ಬೀಳಬಾರದು. ಮರಿಯ ಎಡ ಬಾಯಿಮೂಲೆಯಿಂದ ಹೊಕ್ಕು ಅದರ ಬಲಗಂಟಲಿನ ಕಡೆಗೆ ಒಂದು ಹನಿ, ನುಂಗಿದ ಮೇಲೆ ಇನ್ನೊಂದು. ಬಾಯಿ ತೆರೆಯದ ಮರಿಯ ಕೊಕ್ಕನ್ನು ಉಗುರಿನಿಂದ ಬಿಡಿಸಬೇಡಿ. ಅದು ಇನ್ನೂ ಬಿಸಿಯಾಗಿಲ್ಲ ಎಂದೇ ಅರ್ಥ. ಚರ್ಮ ಪಾರದರ್ಶಕ, ಹಳದಿ ಗುಟುಕು ಕುತ್ತಿಗೆಯ ಬಲಕ್ಕೆ ಇಳಿಯುವುದು ಬರಿಗಣ್ಣಿಗೆ ಕಾಣುತ್ತದೆ. ಉಬ್ಬಿ ಮೃದುವಾಗಿದ್ದಾಗಲೇ ನಿಲ್ಲಿಸಿ, ಬಿಗಿಯಾಗುವವರೆಗೆ ತುಂಬಬೇಡಿ.

ಪ್ರಮಾಣಕ್ಕೆ ಒಂದೇ ಸೂತ್ರ: ಮೈತೂಕದ ಹತ್ತರಲ್ಲೊಂದು ಪಾಲು. 0.9 ಗ್ರಾಂ ಮರಿಗೆ ಒಂದು ಸಲಕ್ಕೆ 0.09 ಮಿ.ಲೀ. ದಾಟಬಾರದು, ಮೊದಲ ದಿನ ಅದರ ಅರ್ಧವೇ ಸಾಕು. 3 ಗ್ರಾಂ ಆದಾಗ 0.3, 7 ಗ್ರಾಂ ಆದಾಗ 0.7. ಮೊದಲ ಮೂರು ದಿನ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ 30-45 ನಿಮಿಷಕ್ಕೊಮ್ಮೆ, ರಾತ್ರಿ 1 ಮತ್ತು 4ಕ್ಕೆ ಎದ್ದು. ನೌಕರಿಗೆ ಹೋಗುವವರು ಒಬ್ಬರೇ ಇದನ್ನು ಮಾಡಲಾಗದು, ಮೊದಲೇ ಮನೆಯವರನ್ನು ಒಪ್ಪಿಸಿಕೊಳ್ಳಿ. ನಾಲ್ಕನೇ ದಿನದಿಂದ ತಾಸಿಗೊಮ್ಮೆ, ಕಣ್ಣು ಬಿಟ್ಟ ಮೇಲೆ (ಸುಮಾರು 7-10ನೇ ದಿನ) ಒಂದೂವರೆ-ಎರಡು ತಾಸಿಗೊಮ್ಮೆ. ರಾತ್ರಿ ಏಳುವುದು ಆಗ ನಿಲ್ಲುತ್ತದೆ. ಎರಡು ವಾರದ ಮೇಲೆ ಮೂರು ತಾಸು. ದಿನಾ ಬೆಳಿಗ್ಗೆ ಮೊದಲ ಗುಟುಕಿನ ಮುಂಚೆ ತೂಗಿ ಬರೆದಿಡಿ. ಎರಡು ದಿನ ಒಂದೇ ತೂಕ ನಿಂತರೆ ಎಲ್ಲೋ ತಪ್ಪಿದೆ. ಮೊದಲು ಥರ್ಮಾಮೀಟರ್ ನೋಡಿ.

ಒಂದು ಗುಟುಕಿನಿಂದ ಇನ್ನೊಂದಕ್ಕೆ ಕ್ರಾಪ್ ಬಹುಪಾಲು ಖಾಲಿಯಾಗಬೇಕು, ಬೆಳಗಿನ ಜಾವ ಪೂರ್ತಿ. ಆಗದಿದ್ದರೆ ಮೇಲೆ ಮತ್ತೆ ಸುರಿಯಬೇಡಿ. ಕಾವು ಅರ್ಧ ಡಿಗ್ರಿ ಏರಿಸಿ, ಎರಡು ಹನಿ ಉಗುರುಬೆಚ್ಚಗಿನ ಓಆರ್‌ಎಸ್ ಕೊಟ್ಟು, ಒದ್ದೆ ಹತ್ತಿಯಿಂದ ಕ್ರಾಪನ್ನು ಹಗುರವಾಗಿ ಸವರಿ ಕಾಯಿರಿ. ಬಾಯಿಂದ ಹುಳಿ ವಾಸನೆ, ಒಳಗೆ ಬಿಳಿ ಪದರ ಕಂಡರೆ ಅದು ಶಿಲೀಂಧ್ರ. ಪಶುವೈದ್ಯರು ನಿಸ್ಟಾಟಿನ್ ಕೊಡುತ್ತಾರೆ, ಪ್ರಮಾಣ ಅವರೇ ಹೇಳಲಿ. ಚರ್ಮ ಕಡುಗೆಂಪಾಗಿ ಸುಕ್ಕುಗಟ್ಟಿದ್ದರೆ ನೀರು ಸಾಲದು, ಎರಡು ಗುಟುಕು ತೆಳು ಮಾಡಿ. ಕ್ರಾಪ್‌ನಲ್ಲಿ ಗಾಳಿಗುಳ್ಳೆ ಕಂಡರೆ ಸಿರಿಂಜಿನ ಗಾಳಿ ತೆಗೆಯದೆ ಕೊಟ್ಟಿದ್ದೀರಿ. ಮೂಗಿನಿಂದ ಆಹಾರ ಬಂದು ಉಸಿರಿಗೆ ಟಿಕ್ ಟಿಕ್ ಸದ್ದಾದರೆ ಶ್ವಾಸಕೋಶಕ್ಕೆ ಹೋಗಿದೆ. ಟಿಶ್ಯೂ ತುದಿಯಿಂದ ಮೂಗು ಒರೆಸಿ ಕಾವಿನಲ್ಲಿಡುವುದು ಬಿಟ್ಟರೆ ಮನೆಯಲ್ಲಿ ಮಾಡುವಂಥದ್ದೇನೂ ಇಲ್ಲ, ಬಹಳ ಮರಿ ಉಳಿಯುವುದೂ ಇಲ್ಲ. ತಂದೆತಾಯಿಯ ಗುಟುಕು ಮೂರು ದಿನವಾದರೂ ತಿಂದ ಮರಿ ಸಾಕುವುದು ಸುಲಭ. ಒಂದು ಗುಟುಕೂ ತಿನ್ನದ್ದನ್ನು ಉಳಿಸುವುದು ನುರಿತವರಿಗೂ ಕಷ್ಟ. ಕರುಳಿಗೆ ಬೇಕಾದ ಒಳ್ಳೆಯ ಸೂಕ್ಷ್ಮಜೀವಿಗಳು ಅದಕ್ಕೆ ಸಿಕ್ಕಿರುವುದಿಲ್ಲ.

18-21ನೇ ದಿನಕ್ಕೆ ಮರಿ ವಾಟಿಯಿಂದ ಹೊರಗೆ ಹಾರುತ್ತದೆ. ಆಗ ಸಣ್ಣ ಪಂಜರ, ನೆಲದಿಂದ ಎರಡು ಬೆರಳು ಎತ್ತರಕ್ಕೆ ಕೋಲು. ನಮ್ಮ ಭಾಗದವರ ಅದೃಷ್ಟವೆಂದರೆ ಬೇರೆ ಊರಿನವರು ಆನ್‌ಲೈನಿನಲ್ಲಿ ತರಿಸುವ ಕಾಳಿನ ತೆನೆ ನಮ್ಮ ಹೊಲದ ನವಣಿಯೇ. ಔಷಧಿ ಹೊಡೆಯದ ಇಡೀ ತೆನೆ ರೈತರ ಹತ್ತಿರ ಕೇಳಿ ತಂದು ತೂಗುಹಾಕಿ. ಮರಿ ಮೊದಲು ಆಟಕ್ಕೆ ಕುಕ್ಕುತ್ತದೆ, ಆಮೇಲೆ ಸಿಪ್ಪೆ ಬಿಡಿಸುವುದು ಕಲಿಯುತ್ತದೆ. ನವಣಿಯನ್ನು ಒಂದು ರಾತ್ರಿ ನೆನೆಸಿ ಮೊಳಕೆ ಇಣುಕಿದಾಗ ಬಾಟಲಿಯ ಮುಚ್ಚಳದಲ್ಲಿಡಿ, ನಾಲ್ಕು ತಾಸಿಗೆ ಬದಲಿಸಿ. ಜೊತೆಗೆ ಬೇಯಿಸಿದ ಮೊಟ್ಟೆ, ಕುದಿಸಿ ಒಣಗಿಸಿದ ಮೊಟ್ಟೆಚಿಪ್ಪಿನ ಪುಡಿ, ಆಳವಿಲ್ಲದ ತಟ್ಟೆಯಲ್ಲಿ ನೀರು. ಕುಕ್ಕಲು ಶುರುಮಾಡಿತು ಎಂದು ಸಿರಿಂಜು ನಿಲ್ಲಿಸುವುದೇ ಈ ಹಂತದ ದೊಡ್ಡ ತಪ್ಪು. ಕಾಳು ಕುಕ್ಕುತ್ತದೆ, ನುಂಗಿರುವುದಿಲ್ಲ. ಸಂಜೆ ಕತ್ತಿನ ಪುಕ್ಕ ಊದಿ ಸರಿಸಿ ನೋಡಿ; ಕ್ರಾಪ್‌ನಲ್ಲಿ ಕಾಳು ಕಾಣುವವರೆಗೆ ರಾತ್ರಿಯ ಗುಟುಕು ತಪ್ಪಿಸಬೇಡಿ. ಕೈಯಲ್ಲಿ ಬೆಳೆದವು 35-40ನೇ ದಿನಕ್ಕೆ ಸಿರಿಂಜು ಬಿಡುತ್ತವೆ.

ಒಂಟಿ ಮರಿಯನ್ನು 25ನೇ ದಿನದೊಳಗೆ ದೊಡ್ಡ ಫಿಂಚ್‌ಗಳ ಪಂಜರದ ಪಕ್ಕ ಇಡಿ. ಗಂಡುಮರಿ ಹಾಡು ಕಲಿಯುವುದು ಆಗಿನಿಂದ ಮುಂದಿನ ಒಂದೆರಡು ತಿಂಗಳಲ್ಲಿ, ದೊಡ್ಡ ಗಂಡಿನ ಹಾಡು ಕೇಳಿ. ಮನುಷ್ಯರ ನಡುವೆಯೇ ಬೆಳೆದದ್ದು ಮುಂದೆ ಸ್ವಂತ ಜಾತಿಯ ಜೋಡಿಯನ್ನು ಗುರುತಿಸುವುದಕ್ಕೇ ತಡವರಿಸುತ್ತದೆ. ಮರಿಯ ಕೊಕ್ಕು ಕಪ್ಪಗಿರುತ್ತದೆ, ಎರಡು ತಿಂಗಳ ಹೊತ್ತಿಗೆ ಕೆಂಪು-ಕಿತ್ತಳೆಗೆ ತಿರುಗುತ್ತದೆ. ಆ ಕಪ್ಪು ಪೂರ್ತಿ ಹೋಗುವ ಮುಂಚೆ ಯಾರಿಗೂ ಕೊಡುವುದಿಲ್ಲ, ದೊಡ್ಡ ಗುಂಪಿನ ಪಂಜರಕ್ಕೂ ಬಿಡುವುದಿಲ್ಲ.