ಬಿರುಕಿನ ಮೂಲ ಬೆಳಕಿನಲ್ಲಿ ಕಂಡಿತು

ಪೀಣ್ಯದ ನಮ್ಮ ಚಿಕ್ಕ ವರ್ಕ್‌ಶಾಪಿನಲ್ಲಿ ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ 3 ಮಿ.ಮೀ. ಶೀಟಿನಿಂದ ಮೀಟರ್ ಪೆಟ್ಟಿಗೆಗಳಿಗೆ ಮುಚ್ಚಳ ಮಾಡುತ್ತೇವೆ. ಕಳಿಸುವಾಗ ಚೆನ್ನಾಗಿರುತ್ತಿದ್ದವು. ವಾರದೊಳಗೆ ಸ್ಕ್ರೂ ತೂತಿನಿಂದ ಕೂದಲೆಳೆಯಂಥ ಬಿರುಕು ಬರುತ್ತಿತ್ತು. ಶೀಟೇ ಸರಿಯಿಲ್ಲ ಅಂತ ಕೊಟ್ಟವರ ಜೊತೆ ಜಗಳವನ್ನೂ ಆಡಿದೆ.

ಆಮೇಲೆ ಕಾಲೇಜಿನ ಲ್ಯಾಬ್ ನೆನಪಾಯಿತು. ಒತ್ತಡದಲ್ಲಿರುವ ಪಾರದರ್ಶಕ ವಸ್ತುವಿನೊಳಗೆ ಧ್ರುವೀಕೃತ ಬೆಳಕು, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು, ಎರಡಾಗಿ ಬೇರೆ ಬೇರೆ ವೇಗದಲ್ಲಿ ಸಾಗುತ್ತದೆ. ಒಂದು ಹಿಂದೆ ಬಿದ್ದಷ್ಟೂ, ಪೋಲರೈಸರ್ ಹಾಳೆಯ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ) ಮೂಲಕ ಕಾಣುವ ಬಣ್ಣ ಬದಲಾಗುತ್ತದೆ. ಡೇವಿಡ್ ಬ್ರೂಸ್ಟರ್ 1815ರ ಸುಮಾರಿಗೇ ಇದನ್ನು ಕಂಡುಕೊಂಡಿದ್ದರು.

ಎಸ್.ಪಿ. ರೋಡಿನಿಂದ ಹಳೆಯ ಎಲ್‌ಸಿಡಿ ಮಾನಿಟರ್ ತಂದೆ. ಅದರ ಬೆಳಕು ಮೊದಲೇ ಧ್ರುವೀಕೃತ. ಇನ್ನೊಂದು ಒಡೆದ ಮಾನಿಟರಿನ ಪೋಲರೈಸರ್ ಹಾಳೆ ಕಿತ್ತು, ಅಂಟು ತೆಗೆಯಲು ಅರ್ಧ ದಿನ ಹಿಡಿಯಿತು. ಬಿಳಿ ಪರದೆಯ ಮುಂದೆ ಹಾಳೆಯನ್ನು ತಿರುಗಿಸುತ್ತಾ ಹೋದರೆ ಒಂದು ಕೋನದಲ್ಲಿ ಪರದೆ ಪೂರ್ತಿ ಕಪ್ಪಾಗುತ್ತದೆ. ಮುಚ್ಚಳ ಹಿಡಿಯಬೇಕಾದದ್ದು ಆಗ, ಎರಡರ ನಡುವೆ.

ನಮ್ಮ ಮಾಮೂಲಿ ಕೌಂಟರ್‌ಸಿಂಕ್ (ತೂತಿನೊಳಗೆ ಕೂರುವ ಓರೆ ತಲೆಯ) ಸ್ಕ್ರೂಗೆ ಹಿಂದೆ ನಟ್ ಹಾಕಿ ಬಿಗಿದು ನೋಡಿದೆ. ತಲೆಯ ಸುತ್ತ ಬಣ್ಣದ ಉಂಗುರಗಳು ಒತ್ತೊತ್ತಾಗಿ ಕೂತಿದ್ದವು. "ಅಣ್ಣಾ, ಸ್ವಲ್ಪ ಸಡಿಲ ಮಾಡ್ಲಾ?" ಅಂತ ಹುಡುಗ ಕಾಲು ಸುತ್ತು ತಿರುಗಿಸಿದ. ಉಂಗುರಗಳು ಕಣ್ಣೆದುರೇ ಒಳಗೆ ಸರಿದವು!

ಅಳೆಯಬೇಕಲ್ವಾ? ಅದೇ ಶೀಟಿನಿಂದ 10 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿದೆ. ಭಾರವಿಲ್ಲದಾಗ ಅದು ಕಪ್ಪಾಗಿಯೇ ಕಾಣಬೇಕು, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ. ಪಟ್ಟಿಗೆ ಬಕೆಟ್ ತೂಗುಹಾಕಿ ಮೆಲ್ಲಗೆ ನೀರು ಸುರಿದೆ. ಬೂದು, ಬಿಳಿ, ಹಳದಿ, ಕೆಂಪು. ಬಕೆಟ್ ಸೇರಿ ಸುಮಾರು 7 ಕೆ.ಜಿ. ದಾಟಿದಾಗ ಕೆಂಪು ನೀಲಿಗೆ ತಿರುಗಿತು. ಕೆಂಪು ನೀಲಿಯಾಗುವ ಆ ಗಡಿಯನ್ನೇ ಒಂದು ಗೆರೆ ಅಂತ ಎಣಿಸಿದೆ. ಅಂದರೆ ಒಂದು ಗೆರೆಗೆ ಚದರ ಸೆಂ.ಮೀ.ಗೆ ಸುಮಾರು 24 ಕೆ.ಜಿ. ಸ್ಕ್ರೂ ಪಕ್ಕದಲ್ಲಿ ಅಂಥ ಮೂರು ಗೆರೆ ಎಣಿಸಿದೆ. ಇದು ಎರಡು ದಿಕ್ಕಿನ ಒತ್ತಡಗಳ ವ್ಯತ್ಯಾಸ ಮಾತ್ರ, ಆದರೆ ಸ್ಕ್ರೂಗಳನ್ನು ಹೋಲಿಸಲು ಧಾರಾಳ ಸಾಕು.

ಒಂದು ಎಚ್ಚರ. ಕೆಲವು ಕಪ್ಪು ಪಟ್ಟೆ ಕಂಡು ಅಲ್ಲಿ ಒತ್ತಡವೇ ಇಲ್ಲ ಅಂದುಕೊಂಡಿದ್ದೆ. ಮುಚ್ಚಳ ತಿರುಗಿಸಿದರೆ ಪಟ್ಟೆಯೂ ಜಾಗ ಬದಲಿಸಿತು. ಒತ್ತಡದ ದಿಕ್ಕು ಪೋಲರೈಸರ್ ದಿಕ್ಕಿಗೆ ಹೊಂದಿದ ಕಡೆಯೂ ಕಪ್ಪಾಗುತ್ತದೆ. ತಿರುಗಿಸಿ ನೋಡದೆ ತೀರ್ಮಾನ ಮಾಡಬೇಡಿ.

ಕೌಂಟರ್‌ಸಿಂಕ್ ತಲೆ ಬೆಣೆಯಂತೆ ತೂತನ್ನು ಅಗಲಿಸುತ್ತಿತ್ತು. ಚಪ್ಪಟೆ ಅಡಿಯ ತಲೆ, ಕೆಳಗೊಂದು ವಾಷರ್ ಹಾಕಿದೆವು. ಈಗ ಸುತ್ತಲೂ ಮಂಕು ಬೂದು ಅಷ್ಟೇ. ಸಡಿಲವಾಗದಿರಲಿ ಅಂತ ಸ್ಕ್ರೂಗೆ ಹಚ್ಚುತ್ತಿದ್ದ ಲಾಕಿಂಗ್ ಅಂಟನ್ನೂ ಬಿಟ್ಟೆವು. ಎಳೆತದಲ್ಲಿರುವ ಪಾಲಿಕಾರ್ಬೊನೇಟನ್ನು ಅದು ಬೇಗ ಸೀಳಿಸುತ್ತದೆ.

ಶೀಟ್ ಕೊಟ್ಟವರಿಗೆ ಅವತ್ತೇ ಫೋನ್ ಮಾಡಿ, ತಪ್ಪು ನಮ್ಮದೇ ಎಂದು ಹೇಳಿದೆ.